ಬಾನಿ ಒಪ್ಪಿಸಿಕೊಂಡ ಕೆರೆ

ಹಿಂದೂಪುರ
9 ಏಪ್ರಿಲ್ 2025, ಬುಧವಾರ

ಗೆಳತಿ ನಾರಮ್ಮನಿಗೆ,

ಸೆಟ್ಟೂರಿನ ಬಿಸಿಲಿಗೆ ನೀನೂ ನಿನ್ನ ಕುರಿಗಳೂ ಬಾಡದೆ ಇದ್ದೀರಿ ಎಂದುಕೊಂಡು ಬರೆಯುತ್ತಿದ್ದೇನೆ. ನಿನ್ನ ಕಾಗದ ಬಂದದ್ದು ಯುಗಾದಿಗೂ ಮುಂಚೆ. ಇಷ್ಟು ದಿನ ಸುಮ್ಮನೆ ಕೂತದ್ದಕ್ಕೆ ಬೈಯುವುದಿದ್ದರೆ ಈಗಲೇ ಬೈದು ಮುಗಿಸಿ ಮುಂದೆ ಓದು. ಕೆಲಸವಿತ್ತು, ಮೈ ಸರಿಯಿರಲಿಲ್ಲ ಎಂದು ಬರೆಯಬಹುದಿತ್ತು. ಅದೆಲ್ಲ ಸುಳ್ಳು. ಹೆದರಿಕೆಯಾಗಿತ್ತು. ಸಾರಾಯಿ ಅಂಗಡಿಯ ಮುಂದೆ ನಿನ್ನ ಪಕ್ಕದಲ್ಲಿ ಲಾಠಿಗೆ ಎದೆಕೊಟ್ಟು ನಿಂತವಳು ಇವಳೇನಾ ಎಂದು ನೀನು ನಗಬಹುದು. ಅವತ್ತು ಎದುರಿಗಿದ್ದವರು ಹೊರಗಿನವರು, ನಾರಮ್ಮ. ಈಗ ಎದುರಿಗಿರುವವರು ನನ್ನ ಬೀದಿಯವರು.

ಫೋನು ಮಾಡಬಹುದಿತ್ತಲ್ಲ ಎನ್ನುತ್ತೀಯ. ನಿನ್ನ ಫೋನು ಯಾವಾಗಲೂ ಸ್ಪೀಕರಿನಲ್ಲೇ ಇರುತ್ತದೆ. ನಾನು ಹಲೋ ಅಂದರೆ ನಿನ್ನ ದೊಡ್ಡಿಯ ಕುರಿಗಳೂ ಕೇಳಿಸಿಕೊಳ್ಳುತ್ತವೆ. ಇದು ನೀನೊಬ್ಬಳೇ ಓದಬೇಕಾದ ಮಾತು.

ನೀನು ಬರೆದಿದ್ದೆ: "ಕಲ್ಯಾಣದುರ್ಗದ ಮೋರಿ ನೀರು ತೊಳ್ದು ನಮ್ಮೂರ ಕೆರೆಗೆ ಬಿಡ್ತಾರಂತೆ. ಬೋರು ಎದ್ದೇಳ್ತವಂತೆ, ಗುಡ್ಡದ ಜಿಂಕೆ ಬಂದು ಕುಡೀತವಂತೆ. ನಿಮ್ಮಲ್ಲಿ ಬಿಟ್ಟು ವರ್ಷ ಆಯ್ತಲ್ಲ, ಗ್ರಾಮಸಭೇಲಿ ಕೈ ಎತ್ಲೋ ಬ್ಯಾಡ್ವೋ ನೀನೇ ಹೇಳು. ಜಿಂಕೆ ಬಂದ್ರೆ ಹಿಂದೆ ತೋಳ ಬತ್ತದೆ, ನನ್ ಕುರಿ ಗತಿ ಏನು?" ಉತ್ತರ ಕೊಡುತ್ತೇನೆ. ಆದರೆ ಆ ಉತ್ತರದಲ್ಲಿ ನಿನ್ನ ಮಗ ಭೀಮೇಶನ ಮಾತೂ ಬರುತ್ತದೆ. ಮೊದಲೇ ಹೇಳಿಬಿಡುತ್ತೇನೆ, ಎದೆ ಹೊಡೆದುಕೊಳ್ಳಬೇಡ. ಜೀವಕ್ಕೇನೂ ಆಗಿಲ್ಲ. ಬಲಗಡೆ ಹುಬ್ಬಿನ ಮೇಲೆ ಹೊಲಿಗೆ ಬಿದ್ದಿದೆ. "ಅವ್ವಂಗೆ ಹೇಳ್ಬ್ಯಾಡ ಅಕ್ಕ, ಕುರಿ ಬಿಟ್ಟು ಓಡಿ ಬತ್ತಾಳೆ" ಎಂದು ನನ್ನ ಕೈ ಹಿಡಿದುಕೊಂಡಿದ್ದಾನೆ. ನಾನು ಅವನಿಗೆ ಮಾತು ಕೊಟ್ಟಿಲ್ಲ.

ಬರುವ ಭಾನುವಾರ ನಮ್ಮ ನೇಕಾರರ ಬೀದಿಯ ಕಲ್ಯಾಣ ಮಂಟಪದಲ್ಲಿ ವಿಚಾರಣೆ. ಅನಂತಪುರದ ಅಧಿಕಾರಿಗಳು ಬರುತ್ತಾರೆ. ಕೆರೆ ಕೆಟ್ಟದ್ದು ಯಾರಿಂದ ಎಂದು ಕೇಳುತ್ತಾರೆ. ನಾನು ಕಂಡದ್ದನ್ನು ಕಂಡ ಹಾಗೆ ಹೇಳಿದರೆ ನಿನ್ನ ಮಗ ಉಳಿಯುತ್ತಾನೆ, ನೀರೂ ಉಳಿಯುತ್ತದೆ. ಹೇಳದಿದ್ದರೆ ಶುದ್ಧೀಕರಣ ಘಟಕಕ್ಕೆ ಬೀಗ, ನಿನ್ನ ಮಗನ ಮೇಲೆ ಕೇಸು, ನಿಮ್ಮೂರ ಕೆರೆಯ ಯೋಜನೆಗೂ ಮಣ್ಣು.

ಹೇಗೆ ಇಲ್ಲಿಗೆ ಬಂತು ಎಂದು ಬರೆಯುತ್ತೇನೆ.

ಕಳೆದ ವರ್ಷ ಚಿಕ್ಕಕೆರೆಗೆ ಪೈಪು ಹಾಕಿದಾಗ ನಮ್ಮ ಬೀದಿಯವರು ಮೂಗು ಮುಚ್ಚಿಕೊಂಡು ಎದ್ದುಬಿಟ್ಟರು. "ಥೂ, ಊರೋರ್ ಕಕ್ಕಸ್ಸಿನ ನೀರು ತಂದು ನಮ್ ಕೆರೆಗೆ ಬಿಡ್ತಾರಾ? ಕಾಲಿಕ್ಕಲ್ಲ ಕಣಪ್ಪ ನಾವು" ಎಂದರು. ಘಟಕದಲ್ಲಿ ಮೋಟಾರು ನೋಡಿಕೊಳ್ಳುವ ನಿನ್ನ ಮಗನಿಗೆ 'ಮೋರಿ ಭೀಮ' ಎಂದು ಹೆಸರಿಟ್ಟರು. ಟೀ ಅಂಗಡಿಯಲ್ಲಿ ಅವನಿಗೆ ಮಾತ್ರ ಪೇಪರ್ ಲೋಟ. ಅವನು ನಿನ್ನದೇ ನಾಲಿಗೆ ಪಡೆದವನು. "ಮೋರಿ ಭೀಮ ಅಂದ್ರೆ ಬ್ಯಾಸರ ಇಲ್ಲ ಕಣಣ್ಣ. ಮೋರಿ ತುಂಬ್ಸಿದ ಧರ್ಮರಾಯ್ರು ನೀವೇ ಅಲ್ವಾ?" ಎಂದು ನಗುತ್ತ ಟೀ ಕುಡಿದು ಹೋಗುತ್ತಿದ್ದ.

ನನಗೆ ಸಹಿಸಲಾಗಲಿಲ್ಲ. ನೀರಿಗೂ ಜಾತಿ ಕಟ್ಟುವ ಈ ರೋಗ ನಮ್ಮ ಜನಕ್ಕೆ ಎಂದು ಬಿಟ್ಟೀತು? ಕೆರೆ ಕಟ್ಟೆಯ ಮೇಲೆ ನಿಂತು ಹಳೆಯ ಕಾಲದ ಹಾಗೆ ಗಂಟಲು ಹರಿದುಕೊಂಡೆ. "ಮೈಲಿಗೆ ನೀರಿಗಿಲ್ಲ, ನಿಮ್ಮ ಮನಸಿಗೈತೆ. ಕೊಳಕು ಮಾಡಿದ್ದು ನಾವು, ತೊಳ್ದಿದ್ದು ಭೀಮೇಶ. ತೊಳ್ದ ಮ್ಯಾಲೆ ಇದೂ ಗಂಗೇನೇ, ಕೈ ಮುಗೀರಿ!" ಎಂದೆ. ಕೆಲವರು ಚಪ್ಪಾಳೆ ತಟ್ಟಿದರು. ಹಿಂದೆ ಅರಳಿಕಟ್ಟೆಯ ಮೇಲೆ ನನ್ನ ಗಂಡ ಸುಬ್ಬರಾಯಪ್ಪ ತಲೆಯಾಡಿಸುತ್ತ ಕೂತಿದ್ದರು. ನನ್ನ ಭಾಷಣವನ್ನು ಅವರಷ್ಟು ನಿಜವೆಂದು ನಂಬಿದವರು ಬೇರೆ ಯಾರೂ ಇರಲಿಲ್ಲ.

ನೀರು ಬಂತು. ಕುಡಿಯುವುದಕ್ಕಲ್ಲ, ಭೂಮಿಗೆ ಇಂಗಿಸುವುದಕ್ಕೆ ಎಂದು ಬೋರ್ಡು ಹಾಕಿದರು. ಕೆರೆಯಂಗಳದಲ್ಲಿ ಆಳವಾಗಿ ತೋಡಿ ಜಲ್ಲಿ, ಮರಳು ತುಂಬಿದ ಇಂಗುಬಾವಿಗಳಿವೆ. ಅವುಗಳ ಬಾಯಿಂದ ನೀರು ಪಾತಾಳಕ್ಕಿಳಿಯಿತು. ಕೆಮ್ಮಿ ಕೆಮ್ಮಿ ಸುಮ್ಮನಾಗಿದ್ದ ಬೋರುಗಳು ಒಂದೊಂದಾಗಿ ಮಾತಾಡತೊಡಗಿದವು. ಜೊಂಡು ಬೆಳೆಯಿತು, ಮೀನು ಬಂತು. ಸಂಕ್ರಾಂತಿ ಹೊತ್ತಿಗೆ ಬಣ್ಣದ ಕೊಕ್ಕರೆಗಳು ಬಂದು ಈರಲಿಂಗಪ್ಪನ ಹುಣಸೆ ಮರಗಳಲ್ಲಿ ಗೂಡು ಕಟ್ಟಿದವು. ಆ ಮುದುಕ ಈ ವರ್ಷ ಹುಣಸೆಹಣ್ಣು ಉದುರಿಸಲೇ ಇಲ್ಲ. "ಬಾಣಂತನಕ್ಕೆ ಬಂದವೆ ಕಣಮ್ಮ. ಕೋಲು ಹಿಡ್ಕೊಂಡು ಮರ ಹತ್ತಾಕಾಯ್ತದಾ?" ಎಂದ. ಮೋರಿ ಭೀಮ ಎಂದವರೇ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬಂದು ಕೊಕ್ಕರೆ ತೋರಿಸಿದರು. ನಾನು ಗೆದ್ದೆ ಎಂದುಕೊಂಡೆ.

ಈಗ ಬಾನಿಯ ವಿಷಯ. ನಮ್ಮ ಬಣ್ಣಗಾರರ ಮನೆಗಳ ಪದ್ಧತಿ ನಿನಗೆ ಗೊತ್ತಿರಲಿಕ್ಕಿಲ್ಲ. ರೇಷ್ಮೆ ನೂಲಿಗೆ ಬಣ್ಣ ಕಾಯಿಸುವ ದೊಡ್ಡ ತೊಟ್ಟಿಗೆ ನಾವು ಬಾನಿ ಎನ್ನುತ್ತೇವೆ. ಕೆರೆ ತುಂಬಿದ ವರ್ಷ, ಯುಗಾದಿಗೆ ಮುಂಚಿನ ಶುಕ್ರವಾರ, ಬಾನಿಯಲ್ಲಿ ಉಳಿದ ಬಣ್ಣದ ನೀರನ್ನು ಕೊಡದಲ್ಲಿ ಹೊತ್ತು ತಂದು ಗಂಗಮ್ಮನಿಗೆ ಒಪ್ಪಿಸಬೇಕು. ನಿನ್ನಿಂದ ತಂದ ನೀರು ನಿನಗೇ ಎಂದು ಹೇಳಿ ಕೆರೆಗೆ ಹುಯ್ಯಬೇಕು. ನನ್ನ ಅತ್ತೆಯ ಕಾಲದಲ್ಲಿ ಆ ನೀರಿನಲ್ಲಿದ್ದದ್ದು ಅರಗು, ಅರಿಶಿನ, ದಾಳಿಂಬೆ ಸಿಪ್ಪೆ. ಮೀನು ಅದನ್ನು ಕುಡಿದು ಅರಗಿಸಿಕೊಳ್ಳುತ್ತಿತ್ತು. ಆಮೇಲೆ ಕೆರೆ ತುಂಬುವುದೇ ನಿಂತುಹೋಯಿತು, ಪದ್ಧತಿಯೂ ನಿಂತಿತು. ಆ ಬರಗಾಲದ ವರ್ಷಗಳಲ್ಲೇ ಬಾನಿಗೆ ಡಬ್ಬಿಯ ಪುಡಿ ಬಂತು, ಆಸಿಡ್ಡು ಬಂತು, ಬಣ್ಣ ಕಿತ್ತುಹಾಕುವ ಹೈಡ್ರೋಸು ಬಂತು. ಪದ್ಧತಿ ಮಲಗಿದ್ದಾಗ ಬಾನಿ ಬದಲಾಗಿತ್ತು. ಎದ್ದ ಪದ್ಧತಿಗೆ ಅದು ಗೊತ್ತಾಗಲಿಲ್ಲ.

ಇನ್ನೊಂದು ಮಾತು ಕೇಳು. ಬಣ್ಣದ ನೀರು ಮೋರಿಗೆ ಬಿಟ್ಟರೆ ಘಟಕ ಕೆಡುತ್ತದೆ, ಡ್ರಮ್ಮುಗಳಲ್ಲಿ ತುಂಬಿಡಿ, ಟ್ಯಾಂಕರ್ ಬಂದು ಒಯ್ಯುತ್ತದೆ ಎಂದು ಮೊದಲೇ ಹೇಳಿದ್ದರು. ನಮ್ಮವರು ತುಂಬಿಟ್ಟರು. ಟ್ಯಾಂಕರ್ ಅಧಿಕಾರಿಗಳ ಬಾಯಲ್ಲಿ ಓಡಾಡಿತೇ ಹೊರತು ನಮ್ಮ ಬೀದಿಗೆ ಬರಲಿಲ್ಲ. ಹಿತ್ತಿಲುಗಳಲ್ಲಿ ಡ್ರಮ್ಮಿನ ಮೇಲೆ ಡ್ರಮ್ಮು ಕೂತವು. ಎಲ್ಲರಿಗಿಂತ ಹೆಚ್ಚು ಡ್ರಮ್ಮು ಇದ್ದದ್ದು ಮುರಳೀಕೃಷ್ಣನ ಹಿತ್ತಿಲಲ್ಲಿ. ನನ್ನ ನಾದಿನಿಯ ಮಗ, ಬಾಯ್ಲರ್ ಇಟ್ಟು ಬಣ್ಣ ಹಾಕುವ ದೊಡ್ಡ ಮನುಷ್ಯ. ಅರ್ಧ ಬೀದಿಗೆ ನೂಲು ಕೊಟ್ಟು ನೇಯಿಸುವವನು ಅವನೇ.

ಆ ಶುಕ್ರವಾರ ನಾನು ಸೋಮಂದೇಪಲ್ಲಿಯಲ್ಲಿ ಕೂಲಿ ಹೆಂಗಸರ ಸಭೆಗೆ ಹೋಗಿದ್ದೆ. ಸಂಜೆ ಬಸ್ಸಿಳಿದು ಕಟ್ಟೆಯ ಮೇಲೆ ನಡೆದು ಬರುತ್ತಿದ್ದವಳು ಅಲ್ಲೇ ನಿಂತುಬಿಟ್ಟೆ. ತೂಬಿನ ಕಡೆಯ ನೀರು ಕುಂಕುಮ ಕದಡಿದ ಹಾಗೆ ಕೆಂಪಾಗಿತ್ತು, ಅಂಚಿನಲ್ಲಿ ನೀಲಿ ನೊರೆ. ಮೂಗಿಗೆ ಕೊಳೆತ ಮೊಟ್ಟೆಯ ವಾಸನೆ. ಕೆಸರಿನಲ್ಲಿ ಎರಡು ಟ್ರ್ಯಾಕ್ಟರುಗಳ ಚಕ್ರದ ಗುರುತು, ಇಂಗುಬಾವಿಯ ಪಕ್ಕದಲ್ಲಿ ಬಾಯಿ ತೆರೆದು ಬಿದ್ದ ಡ್ರಮ್ಮುಗಳು.

ಮನೆಗೆ ಬಂದರೆ ಇವರು ಹೊಸ ಪಂಚೆ ಉಟ್ಟು, ಹಣೆಗೆ ಕುಂಕುಮ ಇಟ್ಟು ಖುಷಿಯಲ್ಲಿ ಕೂತಿದ್ದರು.

"ಕೆರೆಗೇನ್ ಮಾಡ್ಬುಟ್ರಿ?" ಎಂದೆ.

"ಬಾನಿ ಒಪ್ಪಿಸ್ದೊ ಕಣೆ. ನಾನೇ ಮೊದ್ಲ ಕೊಡ ಹುಯ್ದೆ. ನೀನೇ ಅಂದಿದ್ಯಲ್ಲ, ಇದೂ ಗಂಗೇನೇ ಅಂತ. ಗಂಗೆ ಮನೆ ಬಾಗ್ಲಿಗೆ ಬಂದ್ಮೇಲೆ ಸುಮ್ಕೆ ಕೂತ್ಕಳಾಕಾಯ್ತದಾ?"

"ಒಂದ್ ಕೊಡಕ್ಕೆ ಕೆರೆ ಹಿಂಗಾಯ್ತದಾ?"

"ಮುರಳಿ ಒಂದೆಲ್ಡು ಡ್ರಮ್ಮು ತಂದಿದ್ದ. ಅವುನ್ದೂ ಭಕ್ತಿ ಅಲ್ವಾ?"

ಭಕ್ತಿ! ದೇವರ ಹೆಸರಿನಲ್ಲಿ ವರ್ಷದ ವಿಷವನ್ನೆಲ್ಲ ಖಾಲಿ ಮಾಡಿ, ಡ್ರಮ್ಮು ಅಲ್ಲೇ ಬಿಸಾಕಿ ಮನೆಗೆ ಹೋಗುವ ಭಕ್ತಿ. ನನ್ನ ಗಂಡ ಹುಯ್ದದ್ದು ಒಂದು ಕೊಡ. ಅದರ ಹಿಂದೆ ನಿಂತು ಮುರಳಿ ಹುಯ್ದದ್ದು ಎರಡು ಟ್ರ್ಯಾಕ್ಟರ್. ಬಡವನ ಪದ್ಧತಿಯನ್ನು ಮುಂದೆ ನಿಲ್ಲಿಸಿ ಸಾಹುಕಾರ ತನ್ನ ಕೊಳೆ ತೊಳೆದುಕೊಂಡ ಎಂದು ನಾನು ಯಾವ ವೇದಿಕೆಯಲ್ಲಾದರೂ ಕೂಗಿ ಹೇಳಿಯೇನು. ನನ್ನ ಮನೆಯ ಅಡಿಗೆಮನೆಯಲ್ಲಿ ಮಾತ್ರ ಅದನ್ನು ಹೇಳದೆ ಒಲೆ ಹಚ್ಚಿದೆ.

ಮರುದಿನ ಬೆಳಿಗ್ಗೆ ಮೀನುಗಳು ಹೊಟ್ಟೆ ಮೇಲಾಗಿ ತೇಲಿದವು. ಕೊಕ್ಕರೆಗಳು ಸುಲಭದ ಬೇಟೆ ಸಿಕ್ಕಿತೆಂದು ಅವನ್ನೇ ಕಚ್ಚಿಕೊಂಡು ಹೋಗಿ ಮರಿಗಳ ಬಾಯಿಗೆ ಕಕ್ಕಿದವು. ಅದರಾಚೆ ದಿನದಿಂದ ಮರಿಗಳು ಗೂಡಿನಿಂದ ಉದುರತೊಡಗಿದವು. ಈರಲಿಂಗಪ್ಪ ಟವೆಲ್ಲಿನಲ್ಲಿ ಆರಿಸಿಕೊಳ್ಳುತ್ತ, "ಬಾಣಂತಿ ಎಡೇಲಿ ಇಸ ಇಕ್ದಂಗಾಯ್ತಲ್ಲಮ್ಮೋ" ಎಂದು ಗೋಳಾಡಿದ. ಅದೂ ಹೋಗಲಿ ಎಂದರೆ, ಕಟ್ಟೆ ಕೆಳಗಿನ ತೋಟದ ಬೋರಿನಲ್ಲಿ ತೆಳ್ಳಗೆ ಕೆಂಪು ಬಂತು. ನನ್ನ ಹೆದರಿಕೆ ಶುರುವಾದದ್ದು ಅಲ್ಲಿಂದ, ನಾರಮ್ಮ. ಮೇಲಿನ ನೀರನ್ನು ಬಸಿದು ಹಾಕಬಹುದು. ಇಂಗುಬಾವಿಯ ಬಾಯಿಗೆ ಹುಯ್ದದ್ದು ಕಲ್ಲಿನ ಬಿರುಕುಗಳಲ್ಲಿ ಯಾವ ಕಡೆ ಹೋಯಿತೋ, ಯಾರ ಕೊಡದಲ್ಲಿ ಏಳುತ್ತದೋ ಯಾರಿಗೆ ಗೊತ್ತು? ಆ ಬೋರಿನ ನೀರಲ್ಲಿ ಒಬ್ಬ ಹೆಣ್ಣುಮಗಳು ಮಗುವಿಗೆ ಸ್ನಾನ ಮಾಡಿಸುತ್ತಿದ್ದಳು. ಕೈಯಿಂದ ಚೊಂಬು ಕಿತ್ತುಕೊಂಡೆ. ಹುಚ್ಚಿ ಎನ್ನುವ ಹಾಗೆ ನೋಡಿದಳು.

ಜನ ಸೇರಿದರು. ಸೇರಿ ಎಲ್ಲಿಗೆ ಹೋದರು ಗೊತ್ತೇ? ಘಟಕಕ್ಕೆ. ಮುರಳಿ ಮುಂದೆ ನಿಂತಿದ್ದ. "ಮೋರಿ ನೀರು ಬಿಟ್ರೆ ಇನ್ನೇನಾಯ್ತದೆ? ನಾನು ಮೊದ್ಲೇ ಹೇಳ್ಲಿಲ್ವಾ? ಮುಂದು ಆ ಭೀಮುಡ್ನಿ ಪಟ್ಟುಕೋಂಡಿ!" ಎಂದು ಕೊನೆಗೆ ತೆಲುಗಿನಲ್ಲಿ, ಮೊದಲು ಆ ಭೀಮನನ್ನು ಹಿಡಿಯಿರಿ ಎಂದು ಕೂಗಿದ. ನಿನ್ನ ಮಗ ಗೇಟಿನ ಹೊರಗೇ ಬಂದು ನಿಂತ. "ಅಣ್ಣ, ನನ್ ನೀರಲ್ಲಿ ಕೆಂಪಿಲ್ಲ, ಬಂದು ನೋಡ್ರಿ. ಕೆಂಪಿರೋದು ನಿಮ್ ಕೈಯಾಗೆ" ಎಂದ. ನಿಜವಾಗಿ ಅಲ್ಲಿದ್ದ ಅರ್ಧ ಜನರ ಬೆರಳುಗಳಲ್ಲಿ ಬಾನಿಯ ಬಣ್ಣ ಇನ್ನೂ ಇತ್ತು. ಆಗ ಕಲ್ಲು ಬಂತು.

ನಾನು ಅವನ ಮುಂದೆ ಹೋಗಿ ನಿಂತೆ. ಟ್ರ್ಯಾಕ್ಟರ್ ಗುರುತು ನೋಡಿದ್ದನ್ನು, ಡ್ರಮ್ಮು ನೋಡಿದ್ದನ್ನು ಕೂಗಿ ಹೇಳಿದೆ. "ಅತ್ತೆ, ಮೊದ್ಲ ಕೊಡ ಹುಯ್ದೋರು ನಮ್ ಮಾವ. ಗಂಡನ್ನ ಜೈಲಿಗ್ ಕಳಿಸಿ ಮೋರಿಯೋನ್ನ ಉಳಿಸ್ಕತೀಯಾ?" ಎಂದ ಮುರಳಿ. ಮೆತ್ತಗೆ, ನಗುನಗುತ್ತ ಎಂದ. ಜನರ ಕಣ್ಣೆಲ್ಲ ಭೀಮೇಶನನ್ನು ಬಿಟ್ಟು ನನ್ನ ಮೇಲೆ ಬಂದು ಕೂತವು. ಇನ್ನೂ ಎದ್ದಿಲ್ಲ.

ಅಂದಿನಿಂದ ನಮ್ಮ ಮನೆಗೆ ನೂಲಿಲ್ಲ. ಮೊನ್ನೆ ನಾವು ಸಂತೆಗೆ ಹೋಗಿ ಬರುವಷ್ಟರಲ್ಲಿ ಯಾರೋ ಹಿತ್ತಿಲಿಂದ ಬಂದು ಮಗ್ಗದ ಮೇಲಿದ್ದ ಹಾಸನ್ನು ಕತ್ತರಿಸಿ ಹೋಗಿದ್ದಾರೆ. ಅರ್ಧ ನೇಯ್ದ ಸೀರೆ, ಎಳೆಗಳೆಲ್ಲ ಕೂದಲಿನ ಹಾಗೆ ಜೋತುಬಿದ್ದಿದ್ದವು. ನೇಯುವವರ ಮನೆಯಲ್ಲಿ ಇದರ ಅರ್ಥ ಏನು ಎಂದು ನಿನಗೆ ಬಿಡಿಸಿ ಹೇಳಬೇಕಿಲ್ಲ. ಬಾಗಿಲು ತಟ್ಟಿದರೆ ಮೊದಲು ಕಿಟಕಿಯಿಂದ ನೋಡುತ್ತೇನೆ. ನಲ್ಲಿಯ ಹತ್ತಿರ ನಾನು ಹೋದರೆ ಹೆಂಗಸರ ಮಾತು ನಿಲ್ಲುತ್ತದೆ. ಬೈದರೆ ಬೈಯಬಹುದು, ಹೊಡೆದರೆ ಹೊಡೆಯಬಹುದು. ಈ ಮೌನಕ್ಕೆ ಏನು ಮಾಡಬೇಕೆಂದು ನಮ್ಮ ಹೆಂಗಸರ ಸಂಘದಲ್ಲಿ ಯಾರೂ ಕಲಿಸಿರಲಿಲ್ಲ.

ಭೀಮೇಶ ಘಟಕದೊಳಗೇ ಇದ್ದಾನೆ, ಒಳಗಿನಿಂದ ಬೀಗ ಹಾಕಿಕೊಂಡು. ನಾನೇ ಮುದ್ದೆ ಒಯ್ದು ಕೊಡುತ್ತೇನೆ. ಅವನನ್ನು ಕೆಲಸಕ್ಕಿಟ್ಟ ಗುತ್ತಿಗೆದಾರನು ಆಪರೇಟರ್ ತಪ್ಪು ಎಂದು ಬರೆದುಕೊಡಲು ಸಿದ್ಧವಾಗಿ ಕೂತಿದ್ದಾನೆ. ತಾತ್ಕಾಲಿಕ ನೌಕರ, ಕುರುಬರ ಹುಡುಗ, ಮೋರಿ ಕೆಲಸ. ಹೊರಿಸುವುದಕ್ಕೆ ಇದಕ್ಕಿಂತ ಹದವಾದ ಹೆಗಲು ಎಲ್ಲಿ ಸಿಕ್ಕೀತು? ಓಡಿಹೋಗು ಎಂದೆ. "ನಾನ್ ಹೋದ್ರೆ ಮೋಟ್ರು ನಿಂತೋಯ್ತದೆ ಅಕ್ಕ. ಹೊಸ ನೀರು ಬಿದ್ರೇನೇ ಕೆರೆ ತಿಳಿಯಾಗೋದು" ಎಂದ. ನೀನು ಹೆತ್ತದ್ದು ಅಂಥವನನ್ನು.

ನಿನ್ನ ಪ್ರಶ್ನೆಗೆ ಉತ್ತರ. ನೀರಿಗೆ ಕೈ ಎತ್ತು, ನಾರಮ್ಮ. ಎರಡು ಕೈಯನ್ನೂ ಎತ್ತು. ಆ ನೀರು ಒಳ್ಳೆಯದು, ನಾನು ಕಣ್ಣಾರೆ ಕಂಡೆ. ಆದರೆ ಕೈ ಇಳಿಸಿ ಮನೆಗೆ ಹೋಗಬೇಡ. ಊರಲ್ಲಿ ಯಾರು ಏನನ್ನು ಎಲ್ಲಿ ಚೆಲ್ಲುತ್ತಾರೆ, ಚೆಲ್ಲದಿದ್ದರೆ ಅದನ್ನು ಯಾರು ಒಯ್ಯುತ್ತಾರೆ ಎಂದು ಸಭೆಯಲ್ಲೇ ಕೇಳು. ಟ್ಯಾಂಕರ್ ಬರುತ್ತದೆ ಎಂದರೆ, ಬಂದ ಮೇಲೆ ಪೈಪು ಹಾಕಿ ಎನ್ನು. ಕೆರೆಗೆ ಒಪ್ಪಿಸುವ ನಿಮ್ಮ ಹಳೆಯ ಪದ್ಧತಿಗಳು ಏನೇನಿವೆ ಎಂದು ಮುದುಕಿಯರನ್ನು ಕೂರಿಸಿಕೊಂಡು ಈಗಲೇ ಕೇಳು. ನಾನು ಕೇಳಲಿಲ್ಲ, ಬರೀ ಭಾಷಣ ಮಾಡಿದೆ. ತೋಳಕ್ಕೆ ಹೆದರಬೇಡ. ಅದು ಹೊಟ್ಟೆಗಾಗುವಷ್ಟೇ ಒಯ್ಯುತ್ತದೆ. ಟ್ರ್ಯಾಕ್ಟರಿಗೆ ಹೆದರು.

ಭಾನುವಾರ ನಾನು ಕಂಡದ್ದನ್ನೇ ಹೇಳುತ್ತೇನೆ. ನಿನ್ನ ಮಗನನ್ನು ನಿನಗೆ ಒಪ್ಪಿಸುತ್ತೇನೆ.

ನಿನ್ನ ಕೆರೆಗೆ ತಿಳಿನೀರು ಬರಲಿ, ಅದರಲ್ಲಿ ಜಿಂಕೆಯ ಮುಖವೂ ನಿನ್ನ ಕುರಿಗಳ ಮುಖವೂ ಒಟ್ಟಿಗೆ ಕಾಣಲಿ. ನಿನ್ನ ಮೊಣಕಾಲು ನೋವು ಕಡಿಮೆಯಾಗಲಿ. ಸೊಸೆಯನ್ನು ಬೈಯುವುದನ್ನು ಸ್ವಲ್ಪ ಕಡಿಮೆ ಮಾಡು.

ನಿನ್ನ
ರಾಮಕ್ಕ

ಮರೆತು ಬಿಟ್ಟದ್ದಲ್ಲ, ಬರೆಯಲಾರದೆ ಬಿಟ್ಟದ್ದು:

ಸಹಿ ಹಾಕಿ ಮಡಚಿದ್ದ ಕಾಗದವನ್ನು ಮತ್ತೆ ಬಿಚ್ಚಿದ್ದೇನೆ. ಅವತ್ತು ಘಟಕದ ಮುಂದೆ ನಾನು ಮುರಳಿಗೆ, "ಬಾನಿ ನೀರಲ್ಲಿ ಇಸ ಇಲ್ಲ ಅನ್ನೋನು ಈ ಕೆರೇದು ಒಂದ್ ಚೊಂಬು ಕುಡುದು ತೋರ್ಸು" ಎಂದಿದ್ದೆ. ಮುರಳಿ ನಕ್ಕು ಕಾರು ಹತ್ತಿದ. ಆ ಮಾತನ್ನು ಎತ್ತಿಕೊಂಡವರು ನನ್ನ ಗಂಡ. ಅಂದಿನಿಂದ ದಿನಾ ಬೆಳಿಗ್ಗೆ ತೂಬಿನ ಹತ್ತಿರ ಇಳಿದು, ಜನ ನೋಡುವ ಹಾಗೆ, ಒಂದು ಚೊಂಬು ಕುಡಿದು ಬರುತ್ತಾರೆ. ಗಂಗೆಗೆ ಒಪ್ಪಿಸಿದ್ದು ವಿಷವಾಗುವುದಿಲ್ಲವಂತೆ. ಭೀಮೇಶ ಆ ದಿನ ಕೆಟ್ಟ ನೀರು ಬಿಟ್ಟನಂತೆ, ಈಗ ಗಂಗಮ್ಮ ಸರಿಮಾಡಿಕೊಂಡಿದ್ದಾಳಂತೆ. ಬಂದು ಹಿತ್ತಿಲಲ್ಲಿ ವಾಂತಿ ಮಾಡುತ್ತಾರೆ. ಬಾಯೆಲ್ಲ ಹುಣ್ಣು, ಗಂಜಿಯೂ ಇಳಿಯುತ್ತಿಲ್ಲ. ಆಸ್ಪತ್ರೆಯ ಡಾಕ್ಟರಮ್ಮ ಇದನ್ನು ನಿಲ್ಲಿಸದಿದ್ದರೆ ಕಿಡ್ನಿ ಹೋಗುತ್ತದೆ ಎಂದರು. ಚೊಂಬು ಬಚ್ಚಿಟ್ಟೆ, ಬೊಗಸೆಯಲ್ಲಿ ಕುಡಿದರು. ಕಾಲು ಹಿಡಿದುಕೊಂಡೆ. ನಾನು ಯಾರ ಕಾಲನ್ನೂ ಹಿಡಿದವಳಲ್ಲ, ನಿನಗೆ ಗೊತ್ತು. "ನಮ್ ಬಾನಿಯಿಂದಲ್ಲ ಅಂತ ಭಾನ್ವಾರ ಹೇಳ್ಬುಡು ರಾಮಿ. ಅವತ್ತಿಂದ ಮುಟ್ಟಲ್ಲ" ಎಂದರು. ಮುರಳಿಗೆ ಹೆದರಿ ಹೇಳಿದ ಮಾತಲ್ಲ ಅದು. ಅವರು ನಿಜವಾಗಿಯೂ ನಂಬಿದ್ದಾರೆ. ಅವರನ್ನು ನಂಬಿಸಿದ್ದು ನನ್ನ ಬಾಯಿ.

ಈ ಕಾಗದವನ್ನು ಅಂಚೆಗೆ ಹಾಕುತ್ತಿಲ್ಲ. ಕಲ್ಯಾಣದುರ್ಗದ ಬಸ್ಸಿನ ಕಂಡಕ್ಟರ್ ಉಜ್ಜಿನಪ್ಪ ನಾಳೆಯೇ ನಿನಗೆ ಮುಟ್ಟಿಸುತ್ತಾನೆ. ಮೇಲೆ ಬರೆದೆನಲ್ಲ, ಕಂಡದ್ದನ್ನೇ ಹೇಳುತ್ತೇನೆ ಎಂದು? ಬರೆಯುವಾಗ ಕೈ ಗಟ್ಟಿಯಾಗಿತ್ತು. ಭಾನುವಾರ ಅವರು ಮುಂದಿನ ಸಾಲಿನಲ್ಲಿ ಆ ಹುಣ್ಣಾದ ತುಟಿ ಇಟ್ಟುಕೊಂಡು ನನ್ನನ್ನೇ ನೋಡುತ್ತ ಕೂತಿರುತ್ತಾರೆ. ಆಗ ನನ್ನ ಬಾಯಿಂದ ಏನು ಬರುತ್ತದೋ ನನಗೇ ಗೊತ್ತಿಲ್ಲ, ನಾರಮ್ಮ. ಕುರಿಗಳನ್ನು ಯಾರಿಗಾದರೂ ಒಪ್ಪಿಸಿ ಶನಿವಾರವೇ ಹೊರಟು ಬಾ. ಮಂಟಪದಲ್ಲಿ ನನ್ನ ಹಿಂದೆಯೇ ಕೂರು. ನಾನು ಮಾತು ತಪ್ಪಿಸಿದರೆ ಎದ್ದು ನಿಂತು ಇದನ್ನು ಎಲ್ಲರಿಗೂ ಕೇಳುವ ಹಾಗೆ ಓದು. ನಾನು ಅಡ್ಡ ಬಂದರೆ ನನ್ನನ್ನೂ ತಳ್ಳಿ ಓದು.